ಧರಮಪೇಠದ ತೇಗದ ಬಾಗಿಲುಗಳು ಬಣ್ಣ ಕಳಚಿದಾಗ

ನಾಗಪುರದ ಧರಮಪೇಠದಲ್ಲಿ ಹಳೆಯ ಬಂಗಲೆಗಳೆಂದರೆ ತೇಗದ ಬಾಗಿಲು, ತೇಗದ ಕಿಟಕಿ. ಚಂದ್ರಪುರ, ಬಲ್ಲಾರಪುರದ ಕಾಡುಗಳು ದೂರವಿಲ್ಲದ ಊರು ಇದು, ಒಳ್ಳೆಯ ಮರಕ್ಕೆ ಬರವಿರಲಿಲ್ಲ. ಆದರೆ ಮರವನ್ನು ಬೋಳಾಗಿ ಬಿಡುವ ರೂಢಿಯೂ ಇರಲಿಲ್ಲ. ಮೇ ತಿಂಗಳಲ್ಲಿ 45 ಡಿಗ್ರಿ ದಾಟುವ ಬಿಸಿಲು, ಅದರ ಬೆನ್ನಿಗೇ ಸುರಿಯುವ ಮಳೆ. ಇವೆರಡನ್ನೂ ತಾಳಿಕೊಳ್ಳಲು ಎಣ್ಣೆ ಬಣ್ಣ ಬೇಕೇ ಬೇಕಿತ್ತು. ಹಸಿರಿನ ಮೇಲೆ ಬೂದು, ಬೂದಿನ ಮೇಲೆ ಕೆನೆಬಣ್ಣ, ಹೀಗೆ ಪದರದ ಮೇಲೆ ಪದರ ಏರುತ್ತಾ ಹೋಯಿತು.

ಆ ಪದರಗಳು ಏರಿದ್ದನ್ನೂ ಮುಂದೆ ಇಳಿದದ್ದನ್ನೂ ಕಣ್ಣಾರೆ ಕಂಡವರೊಬ್ಬರು ಇಲ್ಲಿದ್ದಾರೆ. ಹುಬ್ಬಳ್ಳಿ ಕಡೆಯಿಂದ ಬಂದು ನೆಲೆಸಿದ ಮನೆತನದಲ್ಲಿ ಹುಟ್ಟಿ, ಕಟ್ಟಡ ಕೆಲಸದ ಉಸ್ತುವಾರಿಯಲ್ಲೇ ದುಡಿಮೆಯ ವರ್ಷಗಳನ್ನೆಲ್ಲ ಕಳೆದ ನಿವೃತ್ತ ಎಂಜಿನಿಯರ್ ಅವರು. ಅವರ ಬಾಲ್ಯದಲ್ಲಿ ಬಣ್ಣ ಡಬ್ಬಿಯಿಂದ ನೇರವಾಗಿ ಬಾಗಿಲಿಗೆ ಹೋಗುತ್ತಿರಲಿಲ್ಲ. ಪೇಂಟರ್ ವರಾಂಡದಲ್ಲಿ ಕುಕ್ಕರುಗಾಲಲ್ಲಿ ಕೂತು, ಸೀಸದ ಸಫೇದಾ ಮುದ್ದೆಗೆ ಅಗಸೆ ಎಣ್ಣೆ ಸುರಿದು ಕಡ್ಡಿಯಿಂದ ಕಲಸುತ್ತಿದ್ದ. ಟರ್ಪೆಂಟೈನ್ ವಾಸನೆ ಮನೆಯಿಡೀ ತುಂಬುತ್ತಿತ್ತು. ಮಧ್ಯಾಹ್ನ ಅದೇ ಕೈಯನ್ನು ಬಟ್ಟೆಗೆ ಒರೆಸಿಕೊಂಡು ರೊಟ್ಟಿ ಮುರಿಯುತ್ತಿದ್ದ. ಹಳೆಯ ಬಣ್ಣ ಉಜ್ಜುವ ದಿನ ಮಾತ್ರ ಅವ್ವ ಒಳಗಿಂದ ಕೂಗುತ್ತಿದ್ದರು: “ಏ ತಮ್ಮಾ, ಆ ಧೂಳಿನ್ಯಾಗ ನಿಂದ್ರಬ್ಯಾಡ, ಒಳಗ ಬಾ.” ಅವ್ವನಿಗೆ ಅದು ಬರೀ ಧೂಳು. ಬಟ್ಟೆ ಹೊಲಸಾಗುತ್ತದೆ ಎಂಬುದಷ್ಟೇ ಚಿಂತೆ.

ಬಣ್ಣಕ್ಕೆ ಸೀಸ ಸೇರಿಸುವುದಕ್ಕೆ ಕಾರಣವಿತ್ತು. ಸೀಸವಿದ್ದರೆ ಬಣ್ಣ ಬೇಗ ಒಣಗುತ್ತದೆ, ಬಿಗಿಯಾಗಿ ಹಿಡಿಯುತ್ತದೆ, ಬಿಸಿಲು ಮಳೆಗೆ ಬಗ್ಗುವುದಿಲ್ಲ. ಕಬ್ಬಿಣದ ಗ್ರಿಲ್ಲಿಗೆ ತುಕ್ಕು ಹಿಡಿಯದಂತೆ ಮೊದಲ ಕೈ ಬಳಿಯುತ್ತಿದ್ದ ಕೇಸರಿಗೆಂಪು ಕೂಡ ಸೀಸದ್ದೇ. ಹಳದಿಗೆ ಸೀಸದ ಕ್ರೋಮೇಟ್, ಹಲವು ಹಸಿರುಗಳಿಗೂ ಅದೇ. ಆದರೆ ಸೀಸ ವಿಷ. ಸುಣ್ಣ ಬಳಿದ ಗೋಡೆಗಳಿಗೆ ಆ ದೋಷವಿಲ್ಲ. ಹಾಗಾಗಿ ನಮ್ಮ ಹಳೆಯ ಮನೆಗಳಲ್ಲಿ ಅಪಾಯ ಕೂತಿರುವುದು ಹೆಚ್ಚಾಗಿ ಮಗುವಿನ ಕೈಗೆ ಎಟುಕುವ ಜಾಗಗಳಲ್ಲಿ: ಬಾಗಿಲು, ಕಿಟಕಿ, ಕಂಬಿ, ಕಟಕಟೆ.

ಈ ಅಪಾಯವನ್ನು ಜಗತ್ತು ಮೊದಲು ಕಂಡುಕೊಂಡದ್ದೂ ನಾಗಪುರದಂಥದೇ ಬಿಸಿಲಿನ ನಾಡಿನಲ್ಲಿ. ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿ ಮಕ್ಕಳ ಸೀಸವಿಷದ ಮೂಲ ಮನೆಯ ಬಣ್ಣವೆಂದು, ಬಿಸಿಲಿಗೆ ಪುಡಿಯಾಗುವ ವರಾಂಡದ ಕಟಕಟೆಯ ಬಣ್ಣವೆಂದು ಕಣ್ಣಿನ ವೈದ್ಯ ಲಾಕ್‌ಹಾರ್ಟ್ ಗಿಬ್ಸನ್ 1904ರಲ್ಲೇ ಬರೆದರು. ಮಕ್ಕಳು ಆ ಕಟಕಟೆ ಹಿಡಿದು ಆಡುತ್ತಿದ್ದರು, ಆಮೇಲೆ ಬೆರಳು ಚೀಪುತ್ತಿದ್ದರು. ಅಮೆರಿಕ ಮನೆಬಳಕೆಯ ಸೀಸದ ಬಣ್ಣವನ್ನು ನಿಷೇಧಿಸಿದ್ದು 1978ರಲ್ಲಿ.

ನಮ್ಮಲ್ಲಿ ಈ ಮಾತು ಜೋರಾಗಿ ಕೇಳಿಸಿದ್ದು ಬೆಂಗಳೂರಿನಿಂದ. ಜಾರ್ಜ್ ಫೌಂಡೇಶನ್ ಎಂಬ ಸಂಸ್ಥೆ ಏಳು ನಗರಗಳಲ್ಲಿ ಸುಮಾರು 22,000 ಜನರ ರಕ್ತದಲ್ಲಿನ ಸೀಸವನ್ನು ಪರೀಕ್ಷಿಸಿ, 1999ರಲ್ಲಿ ಬೆಂಗಳೂರಿನಲ್ಲಿ ಅಂತರರಾಷ್ಟ್ರೀಯ ಸಮ್ಮೇಳನ ನಡೆಸಿತು. ಪರೀಕ್ಷೆಗೆ ಒಳಗಾದ 12 ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕೂ ಹೆಚ್ಚಿನವರ ರಕ್ತದಲ್ಲಿ ಪ್ರತಿ ಡೆಸಿಲೀಟರಿಗೆ 10 ಮೈಕ್ರೊಗ್ರಾಂ ದಾಟಿದ ಸೀಸವಿತ್ತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನಶಾಸ್ತ್ರಜ್ಞ ಡಾ. ತುಪ್ಪಿಲ್ ವೆಂಕಟೇಶ್ ಅಲ್ಲಿಂದ ಮುಂದೆ ಈ ಒಂದೇ ವಿಷಯದ ಬೆನ್ನುಬಿದ್ದರು. 2000ದಲ್ಲಿ ಪೆಟ್ರೋಲಿನಿಂದ ಸೀಸ ಹೋಯಿತು. ಬಣ್ಣದಿಂದ ಹೋಗಲು ಇನ್ನೂ ಹದಿನೇಳು ವರ್ಷ ಕಾಯಬೇಕಾಯಿತು: 2016ರಲ್ಲಿ ಹೊರಡಿಸಿದ ನಿಯಮ 2017ರ ನವೆಂಬರ್ 1ರಿಂದ ಜಾರಿಗೆ ಬಂದು, ಮನೆಬಳಕೆಯ ಬಣ್ಣದಲ್ಲಿ ಸೀಸದ ಮಿತಿಯನ್ನು ಹತ್ತು ಲಕ್ಷಕ್ಕೆ 90 ಭಾಗ ಎಂದು ಕಡ್ಡಾಯ ಮಾಡಿತು.

ಆದರೆ ಆ ನಿಯಮ ಹೊಸ ಡಬ್ಬಿಗೆ. ಬಾಗಿಲ ಮೇಲೆ ಆಗಲೇ ಕೂತಿರುವ ಬಣ್ಣಕ್ಕಲ್ಲ.

ಧರಮಪೇಠದಲ್ಲಿ ಈ ನಡುವೆ ಇನ್ನೊಂದು ಬದಲಾವಣೆ ಬಂದಿತ್ತು. ಜನರಿಗೆ ಮರದ ನೈಜ ಗೆರೆ ಕಾಣಬೇಕು ಅನ್ನಿಸತೊಡಗಿತು. ಅಜ್ಜನ ಕಾಲದ ಬಾಗಿಲಿನ ಬಣ್ಣವೆಲ್ಲ ತೆಗೆಸಿ ಪಾಲಿಶ್ ಹಾಕಿಸುವುದು ಮನೆತನದ ಗೌರವದ ಕೆಲಸವಾಯಿತು. ಅದು ಪ್ರೀತಿಯಿಂದಲೇ ಮಾಡಿಸಿದ್ದು. ಆದರೆ ಆ ಹೊತ್ತಿಗೆ ಸ್ಯಾಂಡ್ ಪೇಪರ್ ಜಾಗಕ್ಕೆ ಕರೆಂಟಿನ ಗ್ರೈಂಡರ್ ಬಂದಿತ್ತು. ಕೈಯಲ್ಲಿ ನಾಲ್ಕು ದಿನ ಹಿಡಿಯುವ ಬಾಗಿಲು ಒಂದೇ ಮಧ್ಯಾಹ್ನದಲ್ಲಿ ಬೆತ್ತಲಾಗುತ್ತಿತ್ತು. ಎಂಜಿನಿಯರ್ ನೆನಪಿಸಿಕೊಳ್ಳುವ ಒಂದು ಅಂಗಳದಲ್ಲಿ ತುಳಸಿಕಟ್ಟೆ, ಒಣಹಾಕಿದ ಬಟ್ಟೆ, ಮಗುವಿನ ಸೈಕಲ್ಲು ಎಲ್ಲದರ ಮೇಲೂ ಹಸಿರು ಬೂದು ಮಿಶ್ರಿತ ಪುಡಿ ಕೂತಿತ್ತು. ಸಂಜೆ ಕೆಲಸದವಳು ಅದನ್ನು ಪೊರಕೆಯಿಂದ ಗುಡಿಸಿದಳು, ಮತ್ತೆ ಎಲ್ಲವೂ ಗಾಳಿಗೆ ಎದ್ದಿತು. ಗ್ರೈಂಡರ್ ಹಿಡಿದ ಹುಡುಗ ಮುಖಕ್ಕೆ ಕಟ್ಟಿದ್ದು ಕರ್ಚೀಫು.

ದೊಡ್ಡವರ ಹೊಟ್ಟೆಗೆ ಹೋದ ಸೀಸದಲ್ಲಿ ಹತ್ತರಲ್ಲೊಂದು ಭಾಗದಷ್ಟು ಮೈಗೆ ಹತ್ತಿದರೆ, ಎಳೆಯ ಮಕ್ಕಳಿಗೆ ಅರ್ಧದವರೆಗೂ ಹತ್ತುತ್ತದೆ. ದೇಹ ಅದನ್ನು ಕ್ಯಾಲ್ಸಿಯಂ ಎಂದೇ ಬಗೆದು ಮೂಳೆಯಲ್ಲಿ ದಶಕಗಟ್ಟಲೆ ಇಟ್ಟುಕೊಳ್ಳುತ್ತದೆ. ಬಸಿರಿನಲ್ಲಿ ಅದು ಮತ್ತೆ ರಕ್ತಕ್ಕಿಳಿದು ಮಗುವಿಗೂ ದಾಟಬಲ್ಲದು. ಇಷ್ಟು ಇದ್ದರೆ ತೊಂದರೆಯಿಲ್ಲ ಎನ್ನುವ ಮಟ್ಟವೇ ತಿಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಇತ್ತ ಧರಮಪೇಠವೂ ಬದಲಾಗುತ್ತಿದೆ. ಇಲ್ಲಿನ ಉತ್ತರ ಅಂಬಾಝರಿ ರಸ್ತೆಯ ಮೇಲೆ ಮೆಟ್ರೊ ಓಡಾಡತೊಡಗಿದ್ದು 2020ರ ಜನವರಿಯಲ್ಲಿ. ಬಂಗಲೆಗಳಿದ್ದ ಜಾಗದಲ್ಲಿ ಬಹುಮಹಡಿಗಳು ಏಳುತ್ತಿವೆ. ಮನೆ ಕೆಡವಿದರೂ ತೇಗದ ಬಾಗಿಲನ್ನು ಯಾರೂ ಎಸೆಯುವುದಿಲ್ಲ. ಅದು ಹಳೆ ಮರದ ವ್ಯಾಪಾರಿಗೆ ಹೋಗಿ, ಇನ್ನೊಬ್ಬರ ಮನೆಯ ಊಟದ ಮೇಜೋ ಉಯ್ಯಾಲೆಯೋ ಆಗುವ ಮುನ್ನ ಎಲ್ಲೋ ಒಂದು ಶೆಡ್ಡಿನಲ್ಲಿ ಉಜ್ಜಿಸಿಕೊಳ್ಳುತ್ತದೆ. ಅಲ್ಲಿ ಉಜ್ಜುವವರ ಬಗ್ಗೆ ಚಿಂತಿಸಬೇಕಾದದ್ದು ಹೆಚ್ಚಿದೆ.

ಹಾಗಾದರೆ ಹಳೆಯ ಬಾಗಿಲನ್ನು ಏನು ಮಾಡಬೇಕು? ಎಂಜಿನಿಯರರ ಮೊದಲ ಉತ್ತರ, ಬಣ್ಣ ಗಟ್ಟಿಯಾಗಿದ್ದರೆ ಮುಟ್ಟಬೇಡಿ, ಅದರ ಮೇಲೇ ಹೊಸ ಬಣ್ಣ ಬಳಿಯಿರಿ. ಏಳದ ಬಣ್ಣ ಅಷ್ಟಾಗಿ ಕೆಡುಕು ಮಾಡದು. ಆದರೆ ಚೌಕಟ್ಟಿಗೆ ಉಜ್ಜುವ ಅಂಚು, ಪುಡಿ ಉದುರಿಸುವ ಕಿಟಕಿಯನ್ನು ಹಾಗೆ ಬಿಡಲಾಗದು. ತೆಗೆಯಲೇಬೇಕಾದರೆ ಮೊದಲು ಎಕ್ಸ್ ಕಿರಣದಿಂದ ಸೀಸ ಪತ್ತೆಹಚ್ಚುವ ಎಕ್ಸ್‌ಆರ್‌ಎಫ್ ಯಂತ್ರದಿಂದಲೋ ಪ್ರಯೋಗಾಲಯದಲ್ಲೋ ಬಣ್ಣ ಪರೀಕ್ಷಿಸಬೇಕು. ಸೀಸವಿದ್ದರೆ ನೆಲಕ್ಕೆ ದಪ್ಪ ಪ್ಲಾಸ್ಟಿಕ್ ಹಾಸಿ, ನೀರು ಚಿಮುಕಿಸಿ, ಒದ್ದೆ ಮಾಡಿಯೇ ಹೆರೆಯಬೇಕು. ಒಣ ಗ್ರೈಂಡರ್ ಬೇಡ. ಬ್ಲೋ ಲ್ಯಾಂಪ್ ಅಂತೂ ಬೇಡವೇ ಬೇಡ, ಅದರ ಬೆಂಕಿಗೆ ಸೀಸ ಹೊಗೆಯಾಗಿ ನೇರ ಶ್ವಾಸಕೋಶ ಸೇರುತ್ತದೆ. ಮೆಥಿಲೀನ್ ಕ್ಲೋರೈಡ್ ಇರುವ ರಿಮೂವರ್ ಮುಚ್ಚಿದ ಕೋಣೆಯಲ್ಲಿ ಪ್ರಾಣಕ್ಕೇ ಕುತ್ತು. ಮಕ್ಕಳು, ಬಸುರಿಯರು ಆ ದಿನಗಳಲ್ಲಿ ಮನೆಯಲ್ಲಿರಬಾರದು. ಕೊನೆಗೆ ಪೊರಕೆಯ ಬದಲು ಒದ್ದೆ ಬಟ್ಟೆ, ಸೂಕ್ಷ್ಮ ಧೂಳು ಹಿಡಿಯುವ ಹೆಪಾ ವ್ಯಾಕ್ಯೂಮ್. ಕೆಲಸದವರು ಕೈಮುಖ ತೊಳೆಯದೆ ಊಟಕ್ಕಾಗಲಿ ಬೀಡಿಗಾಗಲಿ ಕೂರಬಾರದು, ಅದೇ ಬಟ್ಟೆಯಲ್ಲಿ ಮನೆಗೆ ಹೋಗಿ ಮಗುವನ್ನು ಎತ್ತಿಕೊಳ್ಳಬಾರದು.

ನಿವೃತ್ತಿಯ ನಂತರವೂ ಪರಿಚಯದವರ ಹಳೆಯ ಮನೆ ದುರಸ್ತಿಗೆ ಅವರು ಅಂದಾಜುಪಟ್ಟಿ ಬರೆದುಕೊಡುತ್ತಾರೆ. ಪ್ಲಾಸ್ಟಿಕ್ ಹಾಳೆ, ಬಿಗಿ ಮಾಸ್ಕು, ವ್ಯಾಕ್ಯೂಮ್ ಬಾಡಿಗೆ, ಹೆಚ್ಚುವರಿ ದಿನಗಳ ಕೂಲಿ, ಎಲ್ಲಕ್ಕೂ ಪ್ರತ್ಯೇಕ ಸಾಲು. ಕೊನೆಯ ಸಾಲು ಪೇಂಟರುಗಳ ರಕ್ತದ ಸೀಸ ಪರೀಕ್ಷೆಯದು, ಕೆಲಸಕ್ಕೆ ಮೊದಲೊಮ್ಮೆ, ಮುಗಿದ ಮೇಲೊಮ್ಮೆ. ಮಾಲೀಕರು ಹೆಚ್ಚಾಗಿ ಹೊಡೆದುಹಾಕುವುದು ಆ ಸಾಲನ್ನೇ. ಎಂಜಿನಿಯರ್ ಅದನ್ನು ಮತ್ತೆ ಬರೆದು ಕಳಿಸುತ್ತಾರೆ.