ಬದುವಿನ ಆಚೆಯ ಬುತ್ತಿ

ಮಾರ್ಗಶಿರ ಮಾಸದ ಅಮಾವಾಸ್ಯೆ ಸಮೀಪಿಸಿತೆಂದರೆ ವಿಜಯಪುರ ಸೀಮೆಯ ಮನೆಗಳಲ್ಲಿ ಒಲೆಗೆ ವಿಶ್ರಾಂತಿ ಇರುವುದಿಲ್ಲ. ಎಳ್ಳಮಾವಾಸ್ಯೆಯೆಂದು ಕರೆಯುವ ಈ ಹಬ್ಬಕ್ಕೆ ಗುಡಿಯೂ ಬೇಡ, ತೇರೂ ಬೇಡ. ಮನೆಯಲ್ಲಿ ಅಡುಗೆಯಾಗಬೇಕು, ಅದು ಬುಟ್ಟಿ ತುಂಬಿ ಹೊಲಕ್ಕೆ ಹೋಗಬೇಕು, ಬಂಧುಗಳೂ ನೆರೆಯವರೂ ಸ್ನೇಹಿತರೂ ಬೆಳೆಯ ನಡುವೆ ಕುಳಿತು ಉಣ್ಣಬೇಕು. ಉಣ್ಣುವ ಮೊದಲು ಭೂತಾಯಿಗೆ ಎಡೆ ಹಿಡಿದು, ಅದರಲ್ಲಿಯ ಒಂದು ಪಾಲನ್ನು ಹೊಲದ ನಾಲ್ಕೂ ದಿಕ್ಕಿಗೆ ಎರಚುವುದುಂಟು. ಅದನ್ನೇ ಚರಗ ಚೆಲ್ಲುವುದೆಂದು ನಮ್ಮ ಜನ ಹೇಳುತ್ತಾರೆ. ಉತ್ತರ ಕರ್ನಾಟಕದ ಹಲವೆಡೆ ಸೀಗಿ ಹುಣ್ಣಿಮೆಗೂ ಚರಗವಿದೆ. ಆದರೆ ಹಿಂಗಾರಿ ಜೋಳ ತೆನೆಗಟ್ಟುವ ಈ ಅಮಾವಾಸ್ಯೆಯ ಚರಗವೇ ನಮ್ಮ ಭಾಗದವರಿಗೆ ದೊಡ್ಡದು.

ನಮ್ಮ ಊರು ಕಳ್ಳಕವಟಗಿ. ಇಂದು ತಿಕೋಟಾ ತಾಲ್ಲೂಕಿಗೆ ಸೇರಿದೆ. ನಾವು ಬಾಲಕರಾಗಿದ್ದಾಗ ಬಿಜಾಪುರ ತಾಲ್ಲೂಕಿನಲ್ಲಿತ್ತು. ಮಹಾರಾಷ್ಟ್ರದ ಜತ್ತ ಸೀಮೆಗೆ ಹತ್ತಿರವಾದ, ಮಳೆ ಕಡಿಮೆಯಾದ ನೆಲ. ಅಂಥ ನೆಲದಲ್ಲಿ ಹಬ್ಬದಡುಗೆಯ ಬೆಲೆ ಬೇರೆ. ವರ್ಷವಿಡೀ ರೊಟ್ಟಿ, ಹಿಂಡಿ, ಉಳ್ಳಾಗಡ್ಡಿಯಲ್ಲಿ ದಿನ ಕಳೆಯುವ ಮನೆಯಲ್ಲಿ ಆ ನಾಲ್ಕು ದಿನ ಮಾತ್ರ ಎಣ್ಣೆ ಬೆಲ್ಲಗಳ ಡಬ್ಬಿಯ ಮುಚ್ಚಳ ತೆರೆದೇ ಇರುತ್ತಿತ್ತು.

ಸಿದ್ಧತೆ ಆರಂಭವಾಗುತ್ತಿದ್ದುದು ರೊಟ್ಟಿಯಿಂದ. ನಮ್ಮ ತಾಯಿಯವರು ನಸುಕಿನಲ್ಲೆದ್ದು ಒಲೆಯ ಮೇಲೆ ಎಸರಿಡುತ್ತಿದ್ದರು. ಗೋಧಿಯ ಹಿಟ್ಟಿನಲ್ಲಿರುವ ಅಂಟು ಜೋಳದ ಹಿಟ್ಟಿನಲ್ಲಿಲ್ಲ. ಕುದಿಯುವ ಎಸರು ಬಿದ್ದರೆ ಮಾತ್ರ ಅದು ಕೈಯ ಮಾತು ಕೇಳುತ್ತದೆ. ಒಂದೊಂದು ರೊಟ್ಟಿಗೆ ಬೇಕಾದಷ್ಟೇ ಹಿಟ್ಟನ್ನು ಬಿಸಿ ಆರುವ ಮುನ್ನ ಗಸಗಸನೆ ನಾದಿ, ಬಡಿದು ತಿರುಗಿಸುತ್ತ ಅಗಲ ಮಾಡಿ, ಹಂಚಿನ ಮೇಲೆ ಹಾಕಿ, ಮೇಲುಮೈಗೆ ಒದ್ದೆ ಅರಿವೆಯಿಂದ ನೀರು ಸವರಬೇಕು. ಆ ನೀರು ತಡವಾದರೆ ರೊಟ್ಟಿ ಬಿರಿಯುತ್ತದೆ, ಹೆಚ್ಚಾದರೆ ಹಸಿಯುಳಿಯುತ್ತದೆ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಯಂತೂ ಇನ್ನೂ ಹಟಮಾರಿ. ಹಬ್ಬಕ್ಕೆ ನೂರಕ್ಕೆ ಕಡಿಮೆಯಿಲ್ಲದ ರೊಟ್ಟಿ ಬಡಿಯುವುದು, ಅವನ್ನು ಕಟಕಟನೆ ಮುರಿಯುವಂತೆ ಒಣಗಿಸಿ ಅರಿವೆಯಲ್ಲಿ ಕಟ್ಟಿಡುವುದು, ಇದು ಎರಡು ದಿನದ ಕೆಲಸ. ಮಠದಿಂದ ಮರಳಿ ಗೃಹಸ್ಥರಾದ ಮೇಲೆ ನಾವೊಮ್ಮೆ ಈ ವಿದ್ಯೆಗೆ ಕೈಹಾಕಿ ನೋಡಿದೆವು. ಆರು ವರ್ಷ ವ್ಯಾಕರಣ ಕಲಿತ ಕೈಗೆ ಆರು ರೊಟ್ಟಿಗಳೂ ಒಲಿಯಲಿಲ್ಲ.

ಮರುದಿನ ಶೇಂಗಾ ಹೋಳಿಗೆ, ಎಳ್ಳು ಹೋಳಿಗೆ, ಸಜ್ಜಿ ಕಡಬು. ಅಮಾವಾಸ್ಯೆಯ ಬೆಳಗಿಗೆ ಬದನೆಕಾಯಿ ಎಣ್ಣೆಗಾಯಿ, ಮಡಿಕಿಕಾಳಿನ ಪಲ್ಯ, ಜುಣಕದ ವಡಿ, ಅಗಸಿ, ಶೇಂಗಾ, ಗುರೆಳ್ಳುಗಳ ಹಿಂಡಿ, ಗಡಿಗೆಯಲ್ಲಿ ಕೆನೆಮೊಸರು. ಜೋಳದ ನುಚ್ಚಿನ ಬಾನ, ಅಂಬಲಿ. ಇವೆಲ್ಲಕ್ಕಿಂತ ಮಿಗಿಲಾಗಿ ಪುಂಡಿಪಲ್ಲೆ. ಹುಳಿ ಪುಂಡಿಸೊಪ್ಪನ್ನು ನುಚ್ಚು, ಬೇಳೆಗಳೊಡನೆ ಬೇಯಿಸಿ, ಮಸೆದು, ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟರೆ ಅದರ ಮುಂದೆ ಹೋಳಿಗೆಯೂ ತಲೆಬಾಗಬೇಕು.

ಬಂಡಿಗೆ ಕೊಲ್ಲಾರಿ ಕಟ್ಟಿ, ಎತ್ತಿಗೆ ಜೂಲು ಹೊದಿಸಿ ಹೊಲಕ್ಕೆ ಹೋದ ಮೇಲೆ ಬನ್ನಿಗಿಡದ ಬುಡದಲ್ಲಿ ಐದು ಕಲ್ಲುಗಳನ್ನಿಟ್ಟು ಸುಣ್ಣ ಬಳಿದು ಪಾಂಡವರೆಂದು ಪೂಜಿಸುತ್ತಿದ್ದರು. ಇಷ್ಟಲಿಂಗನಿಷ್ಠರಾದ ಶರಣರ ಮಕ್ಕಳಿಗೆ ಈ ಕಲ್ಲುಪೂಜೆ ಏತಕ್ಕೆಂದು ಮಠದ ಹುರುಪಿನಲ್ಲಿ ನಾವು ವಾದಿಸಿದ್ದುಂಟು. ತತ್ತ್ವದ ಮಾತಿಗೆ ಅದು ಇಂದಿಗೂ ಸರಿಯೇ. ಆದರೆ ಕಲ್ಲಿನ ಬಗೆಗೆ ಅಷ್ಟು ಚಿಂತಿಸಿದ ನಮಗೆ ಅದೇ ಹೊಲದಲ್ಲಿ ಕಾಣಬೇಕಾದ ಇನ್ನೊಂದು ಸಂಗತಿ ಬಹುಕಾಲ ಕಾಣಲಿಲ್ಲ.

ಆ ಸಂಗತಿ ಹೀಗಿದೆ. ನಮ್ಮ ಹೊಲದಲ್ಲಿ ವರ್ಷವಿಡೀ ದುಡಿಯುತ್ತಿದ್ದ ದಂಪತಿಗಳಿದ್ದರು, ಊರ ಹೊರಗಿನ ಕೇರಿಯವರು. ಬಿತ್ತುವಾಗ, ಕಳೆ ತೆಗೆಯುವಾಗ, ರಾಶಿ ಮಾಡುವಾಗ ಅವರೇ ಮುಂದು. ಎಳ್ಳಮಾವಾಸ್ಯೆಯಂದು ಎಲ್ಲರೂ ಬನ್ನಿಗಿಡದ ನೆರಳಿನಲ್ಲಿ ಪಂಕ್ತಿಯಾಗಿ ಕುಳಿತರೆ ಅವರು ಮಕ್ಕಳೊಡನೆ ಬದುವಿನ ಆಚೆ ಕುಳಿತುಕೊಳ್ಳುತ್ತಿದ್ದರು. ಕುಳಿತುಕೊಳ್ಳಿರೆಂದು ಯಾರೂ ಹೇಳುತ್ತಿರಲಿಲ್ಲ; ಅವರಿಗೆ ಗೊತ್ತಿತ್ತು, ನಮಗೂ ಗೊತ್ತಿತ್ತು. ನಮ್ಮ ತಾಯಿಯವರು ಹೋಳಿಗೆ ಕಡಬುಗಳನ್ನು ಧಾರಾಳವಾಗಿಯೇ ಒಯ್ದು ನೀಡುತ್ತಿದ್ದರು. ಗಂಡಸರ ಪಂಕ್ತಿ ಎದ್ದ ಮೇಲೆ ಹೆಂಗಸರದು. ತಾಯಿಯವರದು ಎಲ್ಲರಿಗಿಂತ ಕಡೆಗೆ, ತಳ ಹತ್ತಿದ ಪಲ್ಯದೊಡನೆ.

1972ರ ಬರಗಾಲದ ನೆನಪು ನಮ್ಮ ವಯಸ್ಸಿನವರಿಗೆ ಮಾಸಿಲ್ಲ. ಆ ವರ್ಷದ ಎಳ್ಳಮಾವಾಸ್ಯೆ 1973ರ ಜನವರಿಯ ಮೊದಲ ವಾರದಲ್ಲಿ ಬಂದಿತು. ನಾವಾಗ ಮಠದ ವಿದ್ಯಾರ್ಥಿ. ಹಬ್ಬಕ್ಕೆಂದು ಊರಿಗೆ ಬಂದಿದ್ದೆವು. ಹೊಲದಲ್ಲಿ ಒಂದು ತೆನೆಯಿಲ್ಲ. ಸೊಸೈಟಿಯಲ್ಲಿ ಅಳೆದು ಕೊಡುತ್ತಿದ್ದ ಕೆಂಪು ಜೋಳದ ಹಿಟ್ಟಿನಿಂದ ತಾಯಿಯವರು ಹನ್ನೆರಡೋ ಹದಿನೈದೋ ರೊಟ್ಟಿ ಬಡಿದರು, ಒಂದಿಷ್ಟು ಅಂಬಲಿ ಕಾಯಿಸಿದರು. ಚರಗಕ್ಕೆ ಚೆಲ್ಲಲು ಒಂದು ರೊಟ್ಟಿ ಮುರಿದಾಗ ನಮ್ಮ ತಂಗಿ ಆ ಚೂರುಗಳನ್ನು ನೆಲದಿಂದ ಆಯ್ದುಕೊಂಡಳು, ಯಾರೂ ಬೈಯಲಿಲ್ಲ. ಅಂದು ಬದುವಿನ ಆಚೆ ಯಾರೂ ಇರಲಿಲ್ಲ. ದಂಪತಿಗಳು ಕೂಲಿ ಅರಸಿ ಊರು ಬಿಟ್ಟಿದ್ದರು. ಬದುವಿನ ಕಡೆ ಒಮ್ಮೆ ನೋಡಿ ತಾಯಿಯವರು ಎರಡು ರೊಟ್ಟಿಯನ್ನು ಮರಳಿ ಅರಿವೆಯಲ್ಲಿ ಕಟ್ಟಿದರು. ಯಾರಿಗೆ ಕಟ್ಟಿದರೆಂದು ನಾವು ಕೇಳಲಿಲ್ಲ.

ಮುಂದೆ ನಾವು ವಚನಗಳ ಅಭ್ಯಾಸ ಮುಗಿಸಿ, ಅಲ್ಲಲ್ಲಿ ಪ್ರವಚನ ಮಾಡತೊಡಗಿದೆವು. ಮಠದ ಪಂಕ್ತಿಯಲ್ಲಿ ಬೆಳೆದವರಿಗೆ ದಾಸೋಹದ ಬಗ್ಗೆ ಮಾತನಾಡುವುದು ಸುಲಭ. ತುಮಕೂರಿನ ಸಿದ್ಧಗಂಗೆಯ ದಾಸೋಹ, ಕೊಪ್ಪಳದ ಗವಿಮಠದ ಜಾತ್ರೆಗೆ ಸುತ್ತಲಿನ ಹಳ್ಳಿಗಳ ತಾಯಂದಿರು ತಮ್ಮ ತಮ್ಮ ಮನೆಗಳಲ್ಲಿ ಬಡಿದು ಕಳಿಸುವ ಲಕ್ಷಗಟ್ಟಲೆ ರೊಟ್ಟಿ, ಇಂಥ ಉದಾಹರಣೆಗಳಿಗೆ ನಮ್ಮ ನಾಡಿನಲ್ಲಿ ಬಡತನವಿಲ್ಲ. 1988ರ ಚಳಿಗಾಲದಲ್ಲಿ ನೆರೆಯ ಗ್ರಾಮವೊಂದರಲ್ಲಿ ನಾವು ಮಾದಾರ ಚೆನ್ನಯ್ಯನವರ ಕಥೆ ಹೇಳಿದೆವು. ಚೋಳರಾಜನು ನಿತ್ಯವೂ ಶಿವನಿಗೆ ಮೃಷ್ಟಾನ್ನ ಅರ್ಪಿಸುತ್ತಿದ್ದರೂ ಶಿವನು ಅರಸನ ಕುದುರೆಗಳಿಗೆ ಹುಲ್ಲು ತರುವ ಚೆನ್ನಯ್ಯನ ಗುಡಿಸಿಲಿಗೆ ಹೋಗಿ ಅಂಬಲಿ ಸವಿದನೆಂಬ ಕಥೆ ವಾಚಕರಿಗೆಲ್ಲ ತಿಳಿದಿದೆ. ಬಸವಣ್ಣನವರು ಆ ಚೆನ್ನಯ್ಯನವರನ್ನೇ ತಮ್ಮ ತಂದೆಯೆಂದು ಹೇಳಿಕೊಂಡುದನ್ನೂ ವಿವರಿಸಿದೆವು. ಸಭೆ ಚಪ್ಪಾಳೆ ತಟ್ಟಿತು. ನಮಗೂ ಹಿತವೆನಿಸಿತು.

ಆ ಸಭೆಯಲ್ಲಿ ನಮ್ಮ ತಾಯಿಯವರಿದ್ದರು. ಮರುದಿನ ಮುಂಜಾನೆ ಒಲೆಯ ಮುಂದೆ ಕುಳಿತು ಎಳ್ಳು ಹುರಿಯುತ್ತ ಅವರೆಂದರು:

“ತಮ್ಮಾ, ಶಿವ ಚೆನ್ನಯ್ಯನ ಮನಿಗಿ ಹೋಗಿ ಅಂಬಲಿ ಕುಡದಾ ಅಂತ ಹೇಳಿದಿ. ಛಲೋ ಹೇಳಿದಿ. ನಮ್ಮ ಹೊಲದಾಗ ಬದುವಿನ ಆಚಿ ಕುಂದ್ರೋರು ನಮ್ಮ ಅಂಬಲಿ ಕುಡೀತಾರ. ನಾವು ಅವರದು ಎಂದರೆ ಕುಡದೇವೇನು?”

ನಾವು ಉತ್ತರಿಸಲಿಲ್ಲ. ಕೊಡುವುದೇ ದಾಸೋಹವೆಂದು ಅಲ್ಲಿಯವರೆಗೆ ತಿಳಿದಿದ್ದೆವು. ಚೆನ್ನಯ್ಯನವರ ಕಥೆಯಲ್ಲಿ ಶಿವನು ಕೊಟ್ಟವನಲ್ಲ, ಉಂಡವನು. ಇಷ್ಟು ವರ್ಷ ಆ ಕಥೆಯನ್ನು ಹೇಳಿಯೂ ನಮಗೆ ಹೊಳೆಯದಿದ್ದುದು ಅಕ್ಷರ ಬಾರದ ತಾಯಿಗೆ ಒಂದೇ ಸಲಕ್ಕೆ ಹೊಳೆದಿತ್ತು.

ಆ ವರ್ಷದ ಎಳ್ಳಮಾವಾಸ್ಯೆಯಂದು ತಾಯಿಯವರು ಮೊದಲೇ ಹೇಳಿ ಕಳಿಸಿದ್ದರೆಂದು ತೋರುತ್ತದೆ. ದುಡಿಯುವ ಆ ತಾಯಿ ತಾನೂ ಒಂದು ಬುತ್ತಿಗಂಟು ತಂದಿದ್ದಳು. ಬದುವಿನ ಆಚೆಯೇ ನಿಂತು, “ಅವ್ವಾರ, ನಮ್ಮ ಬುತ್ತಿ ನಿಮಗ್ಯಾಕರೀ” ಎಂದು ಸಂಕೋಚಪಟ್ಟಳು. ನಮ್ಮ ತಾಯಿಯವರು “ಬಾ ತಂಗಿ” ಎಂದು ಕೈಹಿಡಿದು ಕರೆತಂದು ಪಂಕ್ತಿಯಲ್ಲಿ ಕೂಡಿಸಿ, ಅವಳ ಪಕ್ಕದಲ್ಲಿ ತಾವೂ ಕುಳಿತರು. ಅವಳ ಗಂಡನೂ ಮಕ್ಕಳೂ ಹಿಂಜರಿಯುತ್ತ ಬಂದು ಕುಳಿತರು. ನಮ್ಮ ತಾಯಿಯವರು ಮೊದಲ ಪಂಕ್ತಿಯಲ್ಲಿ ಕುಳಿತುದನ್ನು ನಾವು ಕಂಡುದು ಅಂದೇ. ಗಂಟು ಬಿಚ್ಚಿದರು. ನಾಲ್ಕಾರು ಜೋಳದ ರೊಟ್ಟಿ, ಒಂದು ಡಬ್ಬಿಯಲ್ಲಿ ಪುಂಡಿಪಲ್ಲೆ. ತಾಯಿಯವರು ತಮ್ಮ ರೊಟ್ಟಿಯ ಮೇಲೆ ಹಾಕಿಕೊಂಡು, ಡಬ್ಬಿಯನ್ನು ನಮ್ಮ ಕಡೆಗೆ ಸರಿಸಿದರು.

ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ನಮ್ಮ ಕೈ ತಡೆಯಿತು. ಒಂದು ಗಳಿಗೆಯಷ್ಟೇ, ಆದರೂ ತಡೆಯಿತು. ಭವಿಪಾಕ ವರ್ಜ್ಯವೆಂದು ಮಠದಲ್ಲಿ ಕಲಿತ ಪಾಠ ಆ ಕ್ಷಣಕ್ಕೆ ಸರಿಯಾಗಿ ನೆನಪಿಗೆ ಬಂದಿತು. ಅದೇನು ಶಾಸ್ತ್ರದ ನೆನಪೋ, ಹುಟ್ಟಿನ ಹೆಮ್ಮೆಗೆ ಶಾಸ್ತ್ರ ಒದಗಿಸಿದ ನೆಪವೋ ಎಂದು ಇಂದು ಕೇಳಿದರೆ ಎರಡನೆಯದೇ ಎನ್ನಬೇಕು. ಏಕೆಂದರೆ ಪ್ರವಾಸದಲ್ಲಿ ಹೋಟೆಲುಗಳಲ್ಲಿ ಉಣ್ಣುವಾಗ ಅಡುಗೆಯವರ ಕುಲವನ್ನು ನಾವೆಂದೂ ವಿಚಾರಿಸಿದವರಲ್ಲ. ಆ ತಾಯಿ ನಮ್ಮ ಕೈಯನ್ನು ನೋಡಿದಳು; ನೋಡಿ ಕಣ್ಣು ಕೆಳಗೆ ಮಾಡಿದಳು. ನಾವು ಪಲ್ಲೆಯನ್ನು ಹಾಕಿಕೊಂಡು ಉಂಡೆವು. ಬೆಳ್ಳುಳ್ಳಿ ಮುಂದಾಗಿ, ಹುಳಿ ಹದವಾಗಿ, ನಮ್ಮ ಮನೆಯದಕ್ಕಿಂತ ಒಂದು ಕೈ ಮೇಲೆಯೇ ಇತ್ತು. ಚೆನ್ನಾಗಿದೆಯೆಂದು ಹೇಳಿದೆವು. ಆದರೆ ತಡೆದ ಗಳಿಗೆಯನ್ನು ಆ ಮಾತು ಅಳಿಸಲಿಲ್ಲ.

ದೊಡ್ಡಪ್ಪನವರು “ನನಗ ಹಸಿವಿಲ್ಲ” ಎಂದು ಎದ್ದು ಬಂಡಿಯ ಕಡೆಗೆ ನಡೆದರು. ತಂದೆಯವರು ತಲೆ ತಗ್ಗಿಸಿ ಉಂಡರು. ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಮುಂದೆ ಆರು ವರ್ಷ ದೊಡ್ಡಪ್ಪನವರು ನಮ್ಮ ಚರಗಕ್ಕೆ ಬರಲಿಲ್ಲ. ಮದುವೆ ಮುಂಜಿಗಳಲ್ಲಿಯೂ ಮಾತು ಅಷ್ಟಕ್ಕಷ್ಟೇ. ದೊಡ್ಡವ್ವನವರು ಮಾತ್ರ ಪ್ರತಿವರ್ಷ ಅಮಾವಾಸ್ಯೆಯ ನಸುಕಿನಲ್ಲಿ ಹಿತ್ತಲ ಬಾಗಿಲಿಗೆ ಬಂದು ಎಳ್ಳು ಹೋಳಿಗೆಯ ಗಂಟೊಂದನ್ನು ಕೊಟ್ಟು, “ಆ ತಂಗೀಗೂ ಕೊಡ್ರಿ” ಎಂದು ಹೇಳಿ ಹೋಗುತ್ತಿದ್ದರು. ಏಳನೆಯ ವರ್ಷ ದೊಡ್ಡಪ್ಪನವರು ತಾವಾಗಿಯೇ ಬಂದರು. ವಯಸ್ಸಾಗಿತ್ತು, ಕೋಲು ಹಿಡಿದಿದ್ದರು. ಪಂಕ್ತಿಯ ಕಡೆಯಲ್ಲಿ ಕುಳಿತು ಬಹಳ ಹೊತ್ತು ಸುಮ್ಮನೆ ಉಂಡರು. ಆಮೇಲೆ ಯಾರ ಮುಖವನ್ನೂ ನೋಡದೆ, “ಆ ಪುಂಡಿಪಲ್ಲೆ ಇನ್ನಾ ಐತೇನು?” ಎಂದು ಕೇಳಿದರು. ಏಕೆ ಬಂದಿರೆಂದು ಯಾರೂ ಕೇಳಲಿಲ್ಲ. ಅದರ ಮರುವರ್ಷದ ಹಬ್ಬಕ್ಕೆ ಅವರಿರಲಿಲ್ಲ.

ಈಗ ನಮ್ಮ ಭಾಗದ ಹೊಲಗಳ ಚೆಹರೆಯೇ ಬದಲಾಗಿದೆ. ಕೃಷ್ಣೆಯ ನೀರನ್ನು ಎತ್ತಿ ತರುವ ತುಬಚಿ–ಬಬಲೇಶ್ವರ ಏತ ನೀರಾವರಿ ಯೋಜನೆಯಿಂದ ಈ ಸೀಮೆಗೆ ನೀರಿನ ಆಸರೆ ಸಿಕ್ಕಿದೆ. ತಿಕೋಟಾದ ಸುತ್ತ ದ್ರಾಕ್ಷಿ ಪಡಗಳು ಹಬ್ಬಿವೆ. ಜೋಳದ ಹೊಲವನ್ನು ಹುಡುಕಿ ಚರಗಕ್ಕೆ ಹೋಗುವವರಿದ್ದಾರೆ. ಎಷ್ಟೋ ಮನೆಗಳ ಮಕ್ಕಳು ಪುಣೆ, ಬೆಂಗಳೂರುಗಳಲ್ಲಿದ್ದಾರೆ. ಕಡಕ ರೊಟ್ಟಿಯನ್ನು ಕಟ್ಟುಕಟ್ಟಾಗಿ ಕೊಂಡು ತರುವುದು ನಗರದಲ್ಲಿ ಸಾಮಾನ್ಯವಾಗಿದೆ. ಇದನ್ನು ಕಂಡು ಹಿರಿಯರು ಮರುಗುತ್ತಾರೆ. ನಾವು ಮರುಗುವುದಿಲ್ಲ. ಎರಡು ದಿನ ಹೊಗೆಯಲ್ಲಿ ಕುಳಿತು ನೂರು ರೊಟ್ಟಿ ಬಡಿದು ಕಡೆಗೆ ತಳ ಹತ್ತಿದ ಪಲ್ಯ ಉಣ್ಣುತ್ತಿದ್ದ ತಾಯಿಯನ್ನು ಕಂಡವರು, ಸೊಸೆಯಂದಿರು ರೊಟ್ಟಿ ಕೊಂಡು ತಂದು ಎಲ್ಲರೊಡನೆ ಕುಳಿತು ಉಂಡರೆ ಬೇಸರಪಡಬೇಕಾದ ಕಾರಣ ನಮಗೆ ತಿಳಿಯದು. ಹೋಳಿಗೆಯನ್ನು ಮಾತ್ರ ಮನೆಯಲ್ಲಿಯೇ ಮಾಡಿರೆಂದು ನಾವು ಹಟ ಹಿಡಿಯುತ್ತೇವೆ. ಅದರಲ್ಲಿ ತತ್ತ್ವವೇನೂ ಇಲ್ಲ, ನಾಲಗೆಯ ಚಾಪಲ್ಯ.

2024ರ ಡಿಸೆಂಬರ್ 30, ಸೋಮವಾರ ಎಳ್ಳಮಾವಾಸ್ಯೆ ಬಂದಿತು. ನಾಲ್ಕು ದಿನ ಮೊದಲು ದೂರವಾಣಿ ಕರೆ. ಆ ದಂಪತಿಗಳ ಮೊಮ್ಮಗ. ಶಿಕ್ಷಕನಾಗಿದ್ದಾನೆ, ಊರಿನ ಬಳಿ ಎರಡು ಎಕರೆ ಕೊಂಡಿದ್ದಾನೆ, ಅರ್ಧದಲ್ಲಿ ಇನ್ನೂ ಜೋಳ ಬಿತ್ತುತ್ತಾನೆ. “ಅಜ್ಜಾರ, ಈ ಸಲ ಚರಗಕ್ಕ ನಮ್ಮ ಹೊಲಕ್ಕ ಬರ್ರಿ. ಎಲ್ಲಾರೂ ಬರ್ಬೇಕು” ಎಂದ. ಹೋದೆವು. ನಮ್ಮ ಸೊಸೆ ಶೇಂಗಾ ಹೋಳಿಗೆ ಮಾಡಿ, ಅಂಗಡಿಯ ರೊಟ್ಟಿಯ ಕಟ್ಟನ್ನು ಸಂಕೋಚದಿಂದ ಚೀಲದ ತಳದಲ್ಲಿಟ್ಟುಕೊಂಡಿದ್ದಳು. ಅಲ್ಲಿಯೂ ಅದೇ ಅಂಗಡಿಯ ಕಟ್ಟು ಕಂಡಾಗ ಇಬ್ಬರು ಸೊಸೆಯಂದಿರೂ ನಕ್ಕರು.

ಬೆಳೆಯ ಸಾಲಿನಂಚಿನಲ್ಲಿ ತಾಡಪತ್ರಿ ಹಾಸಿದ್ದರು. ನಮ್ಮನ್ನು ಹಿರಿಯರೆಂದು ಪಂಕ್ತಿಯ ತುದಿಯಲ್ಲಿ ಕೂಡಿಸಿದರು. ಹುಡುಗನ ಹೆಂಡತಿ ಪುಂಡಿಪಲ್ಲೆಯ ಪಾತ್ರೆ ಹಿಡಿದು ಬಂದು, ಬಡಿಸುವ ಮುನ್ನ ಒಂದು ಗಳಿಗೆ ನಿಂತಳು. ಅವಳ ಗಂಡನ ಅಜ್ಜಿ ಅವಳಿಗೆ ಆ ಹಳೆಯ ದಿನದ ಸಂಗತಿಯನ್ನು ಹೇಳಿದ್ದಳೋ ಇಲ್ಲವೋ, ನಾವರಿಯೆವು. ನಾವು ರೊಟ್ಟಿಯನ್ನು ಮುಂದೆ ಚಾಚಿದೆವು. ಬಡಿಸಿದಳು. ಬೆಳ್ಳುಳ್ಳಿ ಮೊದಲಿನಂತೆಯೇ ಮುಂದಾಗಿತ್ತು.