ತುಂಬಿದ ಕೊಡ ತುಳುಕಿದಾಗ

ತುಂಬಿದ ಕೊಡ ತುಳುಕುವುದಿಲ್ಲ ಎಂಬುದು ಹಿರಿಯರ ಮಾತು. ತರಗತಿಗೆ ಮೊದಲಿಗನಾಗಿ ಬಂದ ಹುಡುಗ ಅಂಗಳದಲ್ಲಿ ಕುಣಿದಾಡಿದರೆ, ‘ಸಾಕು ಮಾಡೋ, ದೃಷ್ಟಿಯಾದೀತು’ ಎಂದು ಗದರುವ ಅಜ್ಜಿ ಊರಿಗೊಬ್ಬಳು ಇಂದಿಗೂ ಸಿಗುತ್ತಾಳೆ. ಗೆದ್ದಾಗ ತಗ್ಗಬೇಕು, ಸೋತಾಗ ಸುಮ್ಮನಿರಬೇಕು. ಮನೆಯಲ್ಲಿ, ಶಾಲೆಯಲ್ಲಿ ಮಕ್ಕಳು ಕೇಳುತ್ತ ಬೆಳೆಯುವುದು ಇದೇ ಪಾಠವನ್ನು. ಪಾಠವೇನೋ ಒಳ್ಳೆಯದೇ. ಆದರೆ ಆ ಕೊಡ ತುಂಬಲು 22 ವರ್ಷ ಹಿಡಿದಿದ್ದರೆ? ಆಗಲೂ ಒಂದು ಹನಿ ಹೊರಗೆ ಚೆಲ್ಲಬಾರದೆ?

ಈ ಪ್ರಶ್ನೆಯನ್ನು ಇಡೀ ಒಂದು ನಗರವೇ ಕೇಳಿಕೊಂಡದ್ದುಂಟು. ಆ ನಗರ ಕೆನಡಾದ ಟೊರಾಂಟೊ. ಅಲ್ಲಿನ ಬೇಸ್‌ಬಾಲ್ ತಂಡದ ಹೆಸರು ‘ಬ್ಲೂ ಜೇಸ್’. 1977ರಲ್ಲಿ ಆಟಕ್ಕಿಳಿದ ಈ ತಂಡ 1992 ಮತ್ತು 1993ರಲ್ಲಿ ಸತತವಾಗಿ ಎರಡು ಸಲ ವರ್ಲ್ಡ್ ಸೀರೀಸ್ ಗೆದ್ದಿತು. ಆಮೇಲೆ ಬಂತು ನೋಡಿ ಬರಗಾಲ! ಋತುವಿನ ಕೊನೆಗೆ ಮೇಲಿನ ತಂಡಗಳಷ್ಟೇ ಆಡುವ ‘ಪ್ಲೇಆಫ್’ ಪಂದ್ಯಗಳಿಗೆ ಕಾಲಿಡುವ ಭಾಗ್ಯವೂ 2015ರವರೆಗೆ ಅದಕ್ಕೆ ಸಿಗಲಿಲ್ಲ. 1993ರಲ್ಲಿ ತೊಟ್ಟಿಲಲ್ಲಿದ್ದ ಕೂಸು ಅಷ್ಟರಲ್ಲಿ ಕಾಲೇಜು ಮುಗಿಸಿರುತ್ತದೆ. ಅಪ್ಪ ಹೇಳಿದ ಕತೆಯನ್ನು ಕೇಳಿಯೇ ಒಂದು ತಲೆಮಾರು ಬೆಳೆದಿತ್ತು.

2015ರ ಪ್ಲೇಆಫ್‌ನಲ್ಲಿ ಎದುರಾಳಿ ಟೆಕ್ಸಸ್ ರೇಂಜರ್ಸ್. ಐದು ಪಂದ್ಯಗಳ ಸರಣಿ. ಟೊರಾಂಟೊದವರು ತವರಿನ ಮೊದಲ ಎರಡು ಪಂದ್ಯಗಳನ್ನು ಸೋತು, ಟೆಕ್ಸಸ್‌ಗೆ ಹೋಗಿ ಎರಡನ್ನೂ ಗೆದ್ದು ಬಂದರು. ಅಕ್ಟೋಬರ್ 14ರಂದು ರೋಜರ್ಸ್ ಸೆಂಟರ್ ಕ್ರೀಡಾಂಗಣದಲ್ಲಿ ಐದನೆಯ ಪಂದ್ಯ. ಸೋತವರು ಮನೆಗೆ. ಸುಮಾರು 50 ಸಾವಿರ ಜನ ಕಿಕ್ಕಿರಿದಿದ್ದರು.

ಕ್ರಿಕೆಟ್ ಬಲ್ಲವರಿಗೆ ಬೇಸ್‌ಬಾಲ್ ತೀರ ಅಪರಿಚಿತವೇನಲ್ಲ. ಒಬ್ಬ ಎಸೆಯುತ್ತಾನೆ, ಒಬ್ಬ ಹೊಡೆಯುತ್ತಾನೆ, ಹೊಡೆದವನ ಹಿಂದೆ ವಿಕೆಟ್ ಕೀಪರನಂತೆ ‘ಕ್ಯಾಚರ್’ ಕೂತಿರುತ್ತಾನೆ. ಮೂರು ಠಾಣೆಗಳನ್ನು ಸುತ್ತಿ ಮನೆಗೆ ಮರಳಿದರೆ ಒಂದು ರನ್. ಚೆಂಡು ಬೇಲಿ ದಾಟಿದರೆ ‘ಹೋಮ್ ರನ್’. ಇಲ್ಲಿಯ ಸಿಕ್ಸರಿನಂತೆ ಅನ್ನಿ. ಒಂದೇ ಒಂದು ವ್ಯತ್ಯಾಸವನ್ನು ನೆನಪಿಡಬೇಕು. ಕ್ರಿಕೆಟ್‌ನಲ್ಲಿ ಬ್ಯಾಟನ್ನು ಹಿಡಿದೇ ಓಡುತ್ತಾರೆ. ಬೇಸ್‌ಬಾಲ್‌ನಲ್ಲಿ ಬ್ಯಾಟನ್ನು ಕೈಬಿಟ್ಟು ಓಡುತ್ತಾರೆ. ಮುಂದಿನ ರಾದ್ಧಾಂತವೆಲ್ಲ ಆ ಬ್ಯಾಟು ಕೈಯಿಂದ ಹೇಗೆ ಹೋಯಿತು ಎಂಬುದರ ಮೇಲೆ ನಿಂತಿದೆ.

ಏಳನೆಯ ಇನ್ನಿಂಗ್ಸ್. ಎರಡೂ ತಂಡದ್ದು 2 ರನ್. ಟೆಕ್ಸಸ್‌ನ ರೂಗ್‌ನೆಡ್ ಓಡೋರ್ ಮೂರನೆಯ ಠಾಣೆಯಲ್ಲಿ ನಿಂತಿದ್ದ. ಬ್ಯಾಟು ಹಿಡಿದವನು ಕೊರಿಯಾದ ಶಿನ್ ಸೂ ಚೂ. ಚೆಂಡು ಹಿಡಿದ ಟೊರಾಂಟೊ ಕ್ಯಾಚರ್ ರಸೆಲ್ ಮಾರ್ಟಿನ್ ಅದನ್ನು ಎಸೆಗಾರನಿಗೆ ಮರಳಿಸಿದ. ದಿನಕ್ಕೆ ನೂರು ಸಲ ಮಾಡುವ ಕೆಲಸ. ಆ ಒಂದು ಸಲ ಚೆಂಡು ಚೂ ಚಾಚಿದ್ದ ಬ್ಯಾಟಿಗೆ ತಗುಲಿ ಎತ್ತಲೋ ಉರುಳಿತು. ಓಡೋರ್ ಓಡಿ ಮನೆ ಸೇರಿದ. ಅಂಪೈರ್ ಡೇಲ್ ಸ್ಕಾಟ್ ಮೊದಲು ಆಟ ನಿಂತಿತೆಂದು ಕೈಯೆತ್ತಿದರು. ಟೆಕ್ಸಸ್ ಪಾಳೆಯ ತಕರಾರು ತೆಗೆಯಿತು. ಅಂಪೈರುಗಳು ಕೂಡಿ ಚರ್ಚಿಸಿ, ಹೊಡೆಯುವವನು ಬೇಕೆಂದು ಅಡ್ಡಿ ಮಾಡಿಲ್ಲವಾದ್ದರಿಂದ ರನ್ ಸಲ್ಲುತ್ತದೆ ಎಂದರು. ನಿಯಮದ ಪ್ರಕಾರ ಅದು ಸರಿಯಾದ ತೀರ್ಪೇ. ಆದರೆ 22 ವರ್ಷ ಕಾದವರಿಗೆ ನಿಯಮದ ಪುಸ್ತಕ ತೆರೆದು ನೋಡುವ ಸಹನೆ ಎಲ್ಲಿಂದ ಬರಬೇಕು?

ಬಾಟಲಿಗಳು ಹಾರಿದವು. ಬಿಯರ್ ಡಬ್ಬಿಗಳು, ಕಸ, ಕೈಗೆ ಸಿಕ್ಕಿದ್ದೆಲ್ಲ ಅಂಗಳಕ್ಕೆ ಬಿತ್ತು. ಮೇಲಂತಸ್ತಿನಿಂದ ಎಸೆದದ್ದೆಲ್ಲ ಅಂಗಳದವರೆಗೆ ಹೋಗುವುದಿಲ್ಲವಲ್ಲ. ಅದು ಕೆಳಗೆ ಕೂತ ತಮ್ಮದೇ ಊರಿನವರ ಮೇಲೆ, ಅವರ ಮಕ್ಕಳುಮರಿಗಳ ಮೇಲೆ ಸುರಿಯಿತು. ಅಂಪೈರಿನ ಮೇಲಿನ ಸಿಟ್ಟು, ಪೆಟ್ಟು ಪಕ್ಕದ ಮನೆಯವನಿಗೆ!

ಆಟ ಮತ್ತೆ ಶುರುವಾಯಿತು. ಟೊರಾಂಟೊ ಹೊಡೆಯುವ ಸರದಿಯಲ್ಲಿ ಟೆಕ್ಸಸ್‌ನವರು ಒಂದರ ಮೇಲೊಂದು ಮೂರು ತಪ್ಪು ಮಾಡಿದರು. ಸುಲಭದ ಚೆಂಡುಗಳು ಕೈಯಿಂದ ಜಾರಿದವು. ಪಂದ್ಯ 3-3ಕ್ಕೆ ಸಮವಾಯಿತು. ಆಗ ಬಂದವನು ಹೊಸೆ ಬಟಿಸ್ಟಾ.

ಡೊಮಿನಿಕನ್ ಗಣರಾಜ್ಯದ ಈ ಆಟಗಾರನ ಕತೆಯನ್ನು ವಿದ್ಯಾರ್ಥಿಗಳು ಕೇಳಬೇಕು. 2004ರ ಒಂದೇ ವರ್ಷದಲ್ಲಿ ಅವನನ್ನು ತಂಡದಿಂದ ತಂಡಕ್ಕೆ, ಬೇಡದ ಸಾಮಾನಿನಂತೆ ದಾಟಿಸುತ್ತ ಹೋದರು. 2008ರಲ್ಲಿ ಟೊರಾಂಟೊಗೆ ಬಂದಾಗಲೂ ಯಾರೂ ಹಾರ ಹಾಕಿ ಸ್ವಾಗತಿಸಲಿಲ್ಲ. 2010ರಲ್ಲಿ ಅವನು 54 ಹೋಮ್ ರನ್ ಹೊಡೆದಾಗಲಷ್ಟೇ ಜಗತ್ತು ತಿರುಗಿ ನೋಡಿತು. ಆದರೂ ಪ್ಲೇಆಫ್ ಕಂಡಿರಲಿಲ್ಲ. ಅದು ಅವನ ಮೊದಲನೆಯದು. 35 ತುಂಬಲು ಐದು ದಿನ ಬಾಕಿ.

ಸ್ಯಾಮ್ ಡೈಸನ್ ಎಸೆದ ಚೆಂಡನ್ನು ಅವನು ಎಡಗಡೆಯ ಆಸನಗಳತ್ತ ಅಟ್ಟಿದ. ಮೂರು ರನ್. 6-3. ಬಟಿಸ್ಟಾ ಓಡಲಿಲ್ಲ. ಒಂದು ಕ್ಷಣ ನಿಂತ. ಚೆಂಡು ಹೋದ ದಾರಿಯನ್ನು ನೋಡಿದ, ಎಸೆದವನತ್ತ ದಿಟ್ಟಿಸಿದ. ಆಮೇಲೆ ಬ್ಯಾಟನ್ನು ಬೀಸಿ ಗಾಳಿಗೆ ಎಸೆದು, ಠಾಣೆಗಳನ್ನು ಸುತ್ತಲು ಹೊರಟ. ಕ್ರೀಡಾಂಗಣ ನಡುಗಿತು. ಬಾಟಲಿ ಎಸೆದಿದ್ದ ಕೈಗಳೇ ಈಗ ಅಕ್ಕಪಕ್ಕದ ಅಪರಿಚಿತರನ್ನು ತಬ್ಬಿಕೊಳ್ಳುತ್ತಿದ್ದವು.

ಮುಂದೆ ನಡೆದದ್ದು ಇನ್ನೂ ಸ್ವಾರಸ್ಯದ್ದು. ಮುಂದಿನ ಆಟಗಾರ ಎಡ್ವಿನ್ ಎನ್‌ಕಾರ್ನಾಸಿಯೊನ್ ಜನರ ಕಡೆ ತಿರುಗಿ ಎರಡೂ ಕೈ ಎತ್ತಿದ. ಮತ್ತೆ ಅಂಗಳಕ್ಕೆ ವಸ್ತುಗಳು ಬೀಳತೊಡಗಿದ್ದವು. ‘ಸಾಕು, ನಿಲ್ಲಿಸಿ’ ಎಂಬುದು ಆ ಕೈಗಳ ಅರ್ಥ. ಡೈಸನ್‌ಗೆ ಕಂಡದ್ದು ಮಾತ್ರ, ಅವನು ಜನರನ್ನು ಇನ್ನಷ್ಟು ಹುರಿದುಂಬಿಸುತ್ತಿದ್ದಾನೆ ಎಂದು! ಮಾತಿಗೆ ಮಾತು ಬೆಳೆದು ಎರಡೂ ತಂಡದವರು ಅಂಗಳಕ್ಕೆ ನುಗ್ಗಿದರು. ಸಮಾಧಾನ ಹೇಳಲು ಎತ್ತಿದ ಕೈಯೇ ಜಗಳಕ್ಕೆ ಕಾರಣವಾಯಿತು. ಸೋಲಿನ ಬಿಸಿಯಲ್ಲಿದ್ದವನ ಕಣ್ಣಿಗೆ ಎದುರಾಳಿಯ ಕೈ ಯಾವಾಗಲೂ ಹೊಡೆಯಲು ಎತ್ತಿದ ಕೈಯಾಗಿಯೇ ಕಾಣುತ್ತದೆ. ಮನೆಯಲ್ಲಿ ಅಣ್ಣತಮ್ಮಂದಿರ ಜಗಳ ಬಿಡಿಸಿದ ಯಾವ ತಾಯಿಯನ್ನು ಕೇಳಿದರೂ ಈ ಸತ್ಯ ಹೇಳಿಯಾಳು.

ಪಂದ್ಯ ಮುಗಿದರೂ ವಾದ ಮುಗಿಯಲಿಲ್ಲ. ಬಟಿಸ್ಟಾ ಆಟಕ್ಕೆ ಮರ್ಯಾದೆ ಕೊಡಬೇಕು, ಮಕ್ಕಳು ಇಂಥವರನ್ನು ನೋಡಿಯೇ ಕಲಿಯುತ್ತಾರೆ ಎಂಬುದು ಡೈಸನ್‌ನ ದೂರು. ಬೇಸ್‌ಬಾಲ್‌ನಲ್ಲಿ ಬರೆಯದ ನಿಯಮಗಳು ಬಹಳ. ಹೋಮ್ ರನ್ ಹೊಡೆದವನು ತಲೆ ತಗ್ಗಿಸಿ ಓಡಬೇಕು, ಎಸೆದವನನ್ನು ಅವಮಾನಿಸಬಾರದು. ಮೀರಿದರೆ ಮುಂದೊಂದು ದಿನ ಚೆಂಡು ಅವನ ಮೈಗೇ ಬೀಳುತ್ತದೆ. ಬಟಿಸ್ಟಾ ಕೆಲವೇ ವಾರಗಳಲ್ಲಿ ಲೇಖನವೊಂದನ್ನು ಬರೆದು ಉತ್ತರ ಕೊಟ್ಟ. ತನ್ನ ದೇಶದಲ್ಲಿ ಈ ಆಟವನ್ನು ಆಡುವುದೇ ಭಾವನೆ ತುಂಬಿ, ಅದು ಯಾರನ್ನೂ ಹೀಯಾಳಿಸಲು ಮಾಡಿದ್ದಲ್ಲ, ಆ ಕ್ಷಣ ಒಳಗಿಂದ ಉಕ್ಕಿದ್ದು ಎಂಬುದು ಅದರ ಸಾರಾಂಶ. ಚೂನ ತಾಯ್ನಾಡಾದ ಕೊರಿಯಾದಲ್ಲಂತೂ ಬ್ಯಾಟು ತೂರುವುದು ಆಟದ ಸೊಗಸುಗಳಲ್ಲಿ ಒಂದು. ಅಲ್ಲಿ ಯಾರೂ ಅದಕ್ಕೆ ಮುಖ ಸಿಂಡರಿಸುವುದಿಲ್ಲ. ಒಂದೂರಿನ ಮರ್ಯಾದೆ ಇನ್ನೊಂದೂರಿನ ಉದ್ಧಟತನ!

ಟೊರಾಂಟೊ ಸುತ್ತಮುತ್ತ ಕನ್ನಡದ ಮನೆಗಳೂ ಇವೆ. ಅಂಥ ಮನೆಯೊಂದನ್ನು ಊಹಿಸಿಕೊಳ್ಳಿ. ಅಪ್ಪ ಕ್ರಿಕೆಟ್‌ನವನು, ಮಗ ಬೇಸ್‌ಬಾಲ್‌ನವನು. ಮಗ ಹಿತ್ತಿಲಿನಲ್ಲಿ ಪ್ಲಾಸ್ಟಿಕ್ ಬ್ಯಾಟನ್ನು ಬಟಿಸ್ಟಾನಂತೆ ತೂರುತ್ತಾನೆ. ‘ಇದೆಂಥ ಅಹಂಕಾರವೋ’ ಎಂದು ಅಪ್ಪ ಬೈಯುತ್ತಾನೆ. ಆದರೆ ಆ ಅಪ್ಪನನ್ನೇ 1996ರ ಮಾರ್ಚ್ 9ರ ಬಗ್ಗೆ ಕೇಳಿ ನೋಡಿ, ಮುಖ ಅರಳುತ್ತದೆ. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣ, ವಿಶ್ವಕಪ್ ಕ್ವಾರ್ಟರ್ ಫೈನಲ್. ಪಾಕಿಸ್ತಾನದ ಅಮೀರ್ ಸೊಹೇಲ್ ಬೌಂಡರಿ ಬಾರಿಸಿ, ಅದೇ ಕಡೆ ಬ್ಯಾಟು ತೋರಿಸಿ ವೆಂಕಟೇಶ್ ಪ್ರಸಾದರನ್ನು ಕೆಣಕಿದ. ಮರುಚೆಂಡಿಗೇ ಸ್ಟಂಪು ಉರುಳಿತು. ಸದಾ ಸೌಮ್ಯರಾದ ಪ್ರಸಾದರು ಅಂದು ಕೈ ತೋರಿಸಿ ಅವನಿಗೆ ಪೆವಿಲಿಯನ್ ದಾರಿ ಹೇಳಿದರು. ಆ ದೃಶ್ಯವನ್ನು ಇಂದಿಗೂ ಚಪ್ಪಾಳೆ ತಟ್ಟಿ ನೆನೆಯುವ ಅಪ್ಪ, ಮಗನ ಬ್ಯಾಟಿಗೆ ಮಾತ್ರ ನೀತಿಪಾಠ ಹೇಳುವುದು ನ್ಯಾಯವೆ?

ಅದಾಗಿ ನಾಲ್ಕೇ ದಿನಕ್ಕೆ, ಮಾರ್ಚ್ 13ರಂದು, ಕಲ್ಕತ್ತೆಯ ಈಡನ್ ಗಾರ್ಡನ್ಸ್‌ನಲ್ಲಿ ಸೆಮಿಫೈನಲ್. ಶ್ರೀಲಂಕಾದೆದುರು 8 ವಿಕೆಟ್ ಬಿದ್ದು ಭಾರತದ ಮೊತ್ತ 120 ಆಗಿದ್ದಾಗ ಜನ ಬಾಟಲಿ ತೂರಿದರು, ಆಸನಗಳಿಗೆ ಬೆಂಕಿಯಿಟ್ಟರು. ಪಂದ್ಯ ನಿಂತಿತು, ಶ್ರೀಲಂಕಾ ಗೆದ್ದಿತೆಂದು ಘೋಷಣೆಯಾಯಿತು. ಒಂದೇ ವಾರದ ಈ ಎರಡು ಚಿತ್ರಗಳಲ್ಲಿ ಮೊದಲನೆಯದನ್ನು ಜನ ಹೆಮ್ಮೆಯಿಂದ ಹೇಳುತ್ತಾರೆ, ಎರಡನೆಯದಕ್ಕೆ ತಲೆ ತಗ್ಗಿಸುತ್ತಾರೆ. ಮೈದಾನದಲ್ಲಿ ಕೈ ತೋರಿಸಿದವನು ತನ್ನ ಹೆಸರು, ಮುಖ ಸಮೇತ ನಿಂತಿರುತ್ತಾನೆ. ನಾಳೆ ಅದರ ಲೆಕ್ಕವನ್ನೂ ಅವನೇ ಕೊಡಬೇಕು. ಬಾಟಲಿ ಎಸೆದವನು ಸಾವಿರ ತಲೆಗಳ ಹಿಂದೆ ಅಡಗಿರುತ್ತಾನೆ. ಅವನ ಬಾಟಲಿ ಯಾರ ಹಣೆಗೆ ಬಿತ್ತೋ ಅವನಿಗೇ ತಿಳಿಯದು.

ಬಟಿಸ್ಟಾ ಲೆಕ್ಕ ಕೊಟ್ಟದ್ದು ಮರುವರ್ಷ. 2016ರ ಮೇ 15ರಂದು ಟೆಕ್ಸಸ್‌ನಲ್ಲಿ ಒಂದು ಚೆಂಡು ಅವನ ಮೈಗೆ ಬಿತ್ತು. ಸಿಟ್ಟಾದ ಅವನು ಎರಡನೆಯ ಠಾಣೆಗೆ ಒರಟಾಗಿ ಜಾರಿದ. ಅಲ್ಲಿದ್ದವನು ಅದೇ ಓಡೋರ್. ದವಡೆಗೆ ಗುದ್ದಿಯೇ ಬಿಟ್ಟ! ಓಡೋರ್‌ಗೆ 8 ಪಂದ್ಯಗಳ ನಿಷೇಧವಾಗಿ, ಮೇಲ್ಮನವಿಯಲ್ಲಿ 7ಕ್ಕೆ ಇಳಿಯಿತು. ಬಟಿಸ್ಟಾಗೆ ಒಂದು ಪಂದ್ಯ. ಟೊರಾಂಟೊದಲ್ಲಿ ಹಾರುವ ಬ್ಯಾಟಿನ ಚಿತ್ರ ಅಂಗಿಗಳ ಮೇಲೆ ಮೆರೆದಂತೆ, ಟೆಕ್ಸಸ್‌ನಲ್ಲಿ ಗುದ್ದಿನ ಚಿತ್ರ ಮೆರೆಯಿತು. ಬ್ಯಾಟು ತೂರಿದ್ದಕ್ಕೆ ಮರ್ಯಾದೆಯ ಪಾಠ ಹೇಳಿದ ಕಡೆಯವರೇ ಮುಷ್ಟಿಗೆ ಚಪ್ಪಾಳೆ ತಟ್ಟಿದರು. ಗೆದ್ದೆತ್ತಿನ ಬಾಲ ಹಿಡಿಯುವುದು ಅಭಿಮಾನಿಯ ಹಳೆಯ ಚಾಳಿ. ತನ್ನ ಎತ್ತು ಹಾಯ್ದರೆ ಅದು ಪೌರುಷ, ಪಕ್ಕದವನ ಎತ್ತು ಗುಟುರು ಹಾಕಿದರೂ ಅದು ಅಪಚಾರ.

ಆ ವರ್ಷದ ಅಕ್ಟೋಬರ್‌ನಲ್ಲಿ ಮತ್ತೆ ಅವೇ ತಂಡಗಳು ಎದುರಾದವು. ಮೊದಲ ಪಂದ್ಯದಲ್ಲೇ ಬಟಿಸ್ಟಾ ಮೂರು ರನ್ನಿನ ಹೋಮ್ ರನ್ ಹೊಡೆದ. ಎಲ್ಲರ ಕಣ್ಣೂ ಬ್ಯಾಟಿನ ಮೇಲೆ. ಅವನು ಅದನ್ನು ಮೆಲ್ಲನೆ ನೆಲಕ್ಕಿಟ್ಟು ಓಡಿದ. ಸರಣಿಯನ್ನು ಟೊರಾಂಟೊ 3-0ರಿಂದ ಗೆದ್ದಿತು. ಕೊನೆಯ ರನ್ ಬಂದದ್ದು ಓಡೋರ್ ಗುರಿ ತಪ್ಪಿ ಎಸೆದ ಚೆಂಡಿನಿಂದ. ಆಟ ಯಾರ ಪಕ್ಷವನ್ನೂ ವಹಿಸುವುದಿಲ್ಲ; ತನ್ನ ಪಾಡಿಗೆ ತಾನು ಲೆಕ್ಕ ಬರೆದಿಡುತ್ತದೆ, ಅಷ್ಟೇ.

ಆದರೆ ಅದೇ ತಿಂಗಳ 4ರಂದು, ಟೊರಾಂಟೊದಲ್ಲೇ, ಬಾಲ್ಟಿಮೋರ್ ತಂಡದ ಕೊರಿಯಾ ಆಟಗಾರ ಕಿಮ್ ಹ್ಯುನ್ ಸೂ ಚೆಂಡು ಹಿಡಿಯಲು ಮೇಲೆ ನೋಡುತ್ತಿದ್ದಾಗ ಬಿಯರ್ ಡಬ್ಬಿಯೊಂದು ಅವನ ಪಕ್ಕದಲ್ಲೇ ಬಂದು ಬಿತ್ತು. ಡಬ್ಬಿ ಅವನಿಗೆ ತಾಗಲಿಲ್ಲ, ಅವನು ಚೆಂಡನ್ನೂ ಬಿಡಲಿಲ್ಲ. ಎಸೆದವನು ಪೊಲೀಸರ ಕೈಗೆ ಸಿಕ್ಕಿ ನ್ಯಾಯಾಲಯದ ಮೆಟ್ಟಿಲು ಹತ್ತಿದ. ಆಮೇಲಿನ ಪಂದ್ಯಗಳಲ್ಲಿ ಬಿಯರನ್ನು ಡಬ್ಬಿಯಲ್ಲಿ ಕೊಡದೆ ಲೋಟಕ್ಕೆ ಸುರಿದು ಕೊಟ್ಟರು. ಒಬ್ಬನ ಅರೆಕ್ಷಣದ ಕೋಪಕ್ಕೆ ಇಡೀ ಊರು ನಂಬಿಕೆ ಕಳೆದುಕೊಂಡಿತು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೆ?

ಬ್ಯಾಟಿನ ಮೇಲಿನ ಜಗಳವನ್ನಂತೂ ಕಾಲವೇ ತೀರ್ಮಾನಿಸಿತು. 2018ರಲ್ಲಿ ಅಮೆರಿಕದ ಬೇಸ್‌ಬಾಲ್ ಸಂಸ್ಥೆಯೇ ‘ಮಕ್ಕಳು ಆಡಿಕೊಳ್ಳಲಿ ಬಿಡಿ’ ಎಂಬರ್ಥದ ಜಾಹೀರಾತು ಮಾಡಿ ಇಂಥ ಸಂಭ್ರಮಗಳನ್ನು ಮೆರೆಸಿತು. 2023ರ ಆಗಸ್ಟ್‌ನಲ್ಲಿ ಟೊರಾಂಟೊ ತಂಡ ಬಟಿಸ್ಟಾನ ಹೆಸರನ್ನು ಕ್ರೀಡಾಂಗಣದ ಗೌರವ ಸಾಲಿಗೆ ಏರಿಸಿತು. ಬಾಟಲಿಯನ್ನು ಮಾತ್ರ ಯಾವ ಕಾಲವೂ ಮನ್ನಿಸಿಲ್ಲ.

ಆದ್ದರಿಂದ ಹೆತ್ತವರು ಮಕ್ಕಳ ಕುಣಿತಕ್ಕೆ ಅಷ್ಟು ಹೆದರಬೇಕಿಲ್ಲ. ವರ್ಷವಿಡೀ ಓದಿದ ಹುಡುಗಿ ಫಲಿತಾಂಶದ ದಿನ ಮನೆ ತುಂಬ ಹಾರಾಡಿದರೆ ಹಾರಾಡಲಿ. ಪಕ್ಕದ ಮನೆಯ ಹುಡುಗನ ಅಂಕ ಕೇಳಿ ನಕ್ಕಳೇ ಎಂಬುದನ್ನಷ್ಟೇ ಗಮನಿಸಿದರೆ ಸಾಕು. ಅಂಕ ಕಡಿಮೆ ಬಂದಾಗ ಮೇಷ್ಟರನ್ನು, ಪ್ರಶ್ನೆಪತ್ರಿಕೆಯನ್ನು, ಮೌಲ್ಯಮಾಪಕರನ್ನು ಮನೆಯ ಹಿರಿಯರು ಏನೆಂದು ಬೈದರು ಎಂಬುದನ್ನೂ ಅವಳು ಗಮನಿಸುತ್ತಿರುತ್ತಾಳೆ. ಅಂಪೈರಿಗೆ ಬಾಟಲಿ ಎಸೆಯುವ ಕಲೆ ಮಕ್ಕಳಿಗೆ ಮೈದಾನದಿಂದ ಬರುವುದಿಲ್ಲ, ಪಕ್ಕದ ಕುರ್ಚಿಯಿಂದ ಬರುತ್ತದೆ.

2025ರ ಅಕ್ಟೋಬರ್ 20ರಂದು ಅದೇ ಕ್ರೀಡಾಂಗಣದಲ್ಲಿ, ಮತ್ತೆ ಏಳನೆಯ ಇನ್ನಿಂಗ್ಸ್‌ನಲ್ಲೇ, ಜಾರ್ಜ್ ಸ್ಪ್ರಿಂಗರ್ ಹೊಡೆದ ಮೂರು ರನ್ನಿನ ಹೋಮ್ ರನ್ ಟೊರಾಂಟೊವನ್ನು 32 ವರ್ಷಗಳ ನಂತರ ವರ್ಲ್ಡ್ ಸೀರೀಸಿಗೆ ಕರೆದೊಯ್ದಿತು. ನವೆಂಬರ್ 1ರಂದು ಅಲ್ಲೇ ನಡೆದ ಕೊನೆಯ ಪಂದ್ಯವನ್ನು, 11ನೆಯ ಇನ್ನಿಂಗ್ಸ್‌ವರೆಗೆ ಎಳೆದು, 5-4ರಿಂದ ಲಾಸ್ ಏಂಜಲೀಸ್ ಗೆದ್ದಿತು. ಎರಡು ವಾರದೊಳಗೆ ಒಂದೇ ಊರು ಕೊಡ ತುಂಬಿದ್ದನ್ನೂ ಕಂಡಿತು, ಬರಿದಾದದ್ದನ್ನೂ ಕಂಡಿತು. ತುಂಬಿದ ಕೊಡ ಒಂದಿಷ್ಟು ತುಳುಕಲಿ, ಅದು ನೀರು. ಕೊಡವನ್ನೇ ಎತ್ತಿ ಯಾರ ತಲೆಗಾದರೂ ಎಸೆಯದಿದ್ದರೆ ಆಯಿತು.