ಗಾಯದ ಮಾತು, ಮಾತಿನ ನಾದ

ಮಾತಿಗೂ ಸಂಗೀತಕ್ಕೂ ನಡುವೆ ಇರುವ ಗಡಿ ನಾವು ಭಾವಿಸಿರುವಷ್ಟು ಗಟ್ಟಿಯಾದುದಲ್ಲ. ಸಂತೆಯಲ್ಲಿ ಸರಕಿನ ಹೆಸರು ಕೂಗುವವನ ದನಿಯಲ್ಲಿಯೂ ಏರಿಳಿತವಿದೆ. ಮಗುವನ್ನು ಮನೆಗೆ ಕರೆಯುವ ತಾಯಿಯ ಕೂಗಿನಲ್ಲಿಯೂ ಲಯವಿದೆ. ಅರ್ಥವನ್ನು ಹಿಡಿಯುವ ಆತುರದಲ್ಲಿ ನಮ್ಮ ಕಿವಿ ಇವನ್ನು ಗಮನಿಸುವುದಿಲ್ಲ.

ಅಮೆರಿಕದ ಸಂಗೀತಕಾರ ಸ್ಟೀವ್ ರೈಷ್ ಇದನ್ನು ಗಮನಿಸಿದರು. 1964ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದ ಚೌಕವೊಂದರಲ್ಲಿ ಕಪ್ಪು ಜನಾಂಗದ ಬೋಧಕನೊಬ್ಬನು ನೋಹನ ಕಾಲದ ಜಲಪ್ರಳಯವನ್ನು ಕುರಿತು ಆವೇಶದಿಂದ ಉಪದೇಶಿಸುತ್ತಿದ್ದನು. ರೈಷ್ ಆ ಮಾತುಗಳನ್ನು ಧ್ವನಿಸುರುಳಿಯಲ್ಲಿ ಹಿಡಿದರು. ಮರುವರ್ಷ ಅದರ ಒಂದು ತುಣುಕನ್ನು ಎರಡು ಯಂತ್ರಗಳಲ್ಲಿ ಒಟ್ಟಿಗೆ ನುಡಿಸಿದಾಗ, ಅವುಗಳ ವೇಗದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿದ್ದುದರಿಂದ, ಒಂದು ದನಿ ಇನ್ನೊಂದರಿಂದ ಮೆಲ್ಲಮೆಲ್ಲನೆ ಸರಿಯತೊಡಗಿತು. ಯಂತ್ರದ ಕುಂದೆಂದು ಕಡೆಗಣಿಸಬಹುದಾಗಿದ್ದ ಈ ಸಂಗತಿಯಲ್ಲಿ ಅವರು ಹೊಸದೊಂದು ರಚನಾಕ್ರಮವನ್ನು ಕಂಡರು.

ಈ ಕ್ರಮದ ಮೇಲೆ ದೊಡ್ಡ ಹೊಣೆ ಬಿದ್ದುದು 1966ರಲ್ಲಿ. ನ್ಯೂಯಾರ್ಕಿನ ಹಾರ್ಲೆಮ್ ಪ್ರದೇಶದ ಆರು ಮಂದಿ ಕಪ್ಪು ತರುಣರು ಕೊಲೆಯ ಆರೋಪದಲ್ಲಿ ಶಿಕ್ಷೆಗೊಳಗಾಗಿದ್ದರು. ಅವರ ಮರುವಿಚಾರಣೆಗಾಗಿ ಹಣ ಕೂಡಿಸುವ ಸಭೆಗೆ ಧ್ವನಿಸುರುಳಿಗಳನ್ನು ಜೋಡಿಸಿಕೊಡುವ ಕೆಲಸ ರೈಷ್ ಅವರ ಪಾಲಿಗೆ ಬಂದಿತು. ಅವುಗಳಲ್ಲಿ ಆ ಆರು ಮಂದಿಯಲ್ಲಿ ಒಬ್ಬನಾದ ಡೇನಿಯಲ್ ಹ್ಯಾಮ್ ಎಂಬವನ ಮಾತಿತ್ತು. ಹಿಂದೊಮ್ಮೆ ಪೊಲೀಸರು ತನ್ನನ್ನು ಹೊಡೆದರೆಂದೂ, ರಕ್ತ ಸುರಿಯುತ್ತಿದ್ದವರನ್ನು ಮಾತ್ರ ಆಸ್ಪತ್ರೆಗೆ ಒಯ್ಯುತ್ತಿದ್ದರೆಂದೂ, ಆದುದರಿಂದ ತನ್ನ ಬಾವನ್ನು ತಾನೇ ಒಡೆದು ರಕ್ತ ಬರಿಸಿ ತೋರಿಸಬೇಕಾಯಿತೆಂದೂ ಅವನು ಹೇಳಿದ್ದನು.

ಆ ಹೇಳಿಕೆಯ ಕೊನೆಯ ಕೆಲವೇ ಪದಗಳಿಂದ 'ಕಮ್ ಔಟ್' ಎಂಬ ಕೃತಿ ಹುಟ್ಟಿತು. ಮೊದಲು ಹ್ಯಾಮ್‌ನ ಪೂರ್ಣ ವಾಕ್ಯ ಮೂರು ಬಾರಿ ಕೇಳಿಸುತ್ತದೆ. ಅನಂತರ ಆ ಕೆಲವು ಪದಗಳಷ್ಟೇ ಉಳಿದು, ಒಂದು ದನಿ ಎರಡಾಗಿ, ನಾಲ್ಕಾಗಿ, ಎಂಟಾಗಿ ಕವಲೊಡೆಯುತ್ತದೆ. ಸುಮಾರು 13 ನಿಮಿಷಗಳು ಕಳೆಯುವಷ್ಟರಲ್ಲಿ ಪದ ಕರಗಿಹೋಗಿರುತ್ತದೆ. ನಾದವೂ ಲಯವೂ ಮಾತ್ರ ಉಳಿದಿರುತ್ತವೆ.

ನೊಂದವನ ಮಾತನ್ನು ಹೀಗೆ ಕರಗಿಸುವುದು ಸರಿಯೇ? ಈ ಪ್ರಶ್ನೆಯನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಮಾತು ಅವನದು, ಕೀರ್ತಿ ಕಲಾವಿದನದು ಎಂದು ಯಾರಾದರೂ ಆಕ್ಷೇಪಿಸಿದರೆ ಅದರಲ್ಲಿ ನ್ಯಾಯವಿದೆ. ಆರು ಮಂದಿಯ ಶಿಕ್ಷೆಗಳನ್ನು 1968ರಲ್ಲಿ ನ್ಯಾಯಾಲಯ ರದ್ದುಗೊಳಿಸಿದರೂ ಅವರ ಸಂಕಷ್ಟ ಅಲ್ಲಿಗೇ ಮುಗಿಯಲಿಲ್ಲ. ಆದರೆ ಒಂದು ಮಾತು: ವಾರ್ತೆಯಲ್ಲಿ ಒಮ್ಮೆ ಓದಿ ಮರೆತುಬಿಡಬಹುದಾಗಿದ್ದ ದನಿಯನ್ನು ಈ ಕೃತಿ ಮತ್ತೆ ಮತ್ತೆ ಕೇಳುವಂತೆ ಮಾಡಿತು. ಗಾಯವನ್ನು ಒಡೆದು ತೋರಿಸಿದ ಹೊರತು ನಂಬದ ಲೋಕಕ್ಕೆ, ಕಿವಿಗೊಟ್ಟು ಕೇಳುವುದೇ ಮೊದಲ ಪಾಠವಾಗಬೇಕಾಗಿದೆ.